ಕೊಡಗಿನಿಂದ ಕೆನಡಾಕ್ಕೆ ಹೊರಟವರಿಗೆ: ಮೊದಲು ಟೈರ್, ಆಮೇಲೆ ಗಾಡಿ

ಕೊಡಗಿನ ಹುಡುಗರಿಗೆ ಡ್ರೈವಿಂಗ್ ಬಗ್ಗೆ ಬುದ್ಧಿ ಹೇಳಲು ಹೋದರೆ ನಗುತ್ತಾರೆ. ಜುಲೈ ಕೆಸರಿನಲ್ಲಿ ತೋಟದ ಜೀಪು ಹತ್ತಿಸಿದವರು, ಮಾಂದಲ್‌ಪಟ್ಟಿ ದಾರಿ ಕಂಡವರು. ಅವರಿಗೆ ಹಿಮ ಯಾವ ಲೆಕ್ಕ? ಈ ಸಲ ರಜೆಗೆ ನಾನು ಕೆನಡಾದಿಂದ ಊರಿಗೆ, ಅಮ್ಮತ್ತಿಗೆ ಬಂದಾಗಲೂ ಅದೇ ಮಾತು. "ಅಣ್ಣ, ಫೋರ್ ವೀಲ್ ಇರೋ ಎಸ್‌ಯುವಿ ತಗೊಂಡ್ರೆ ಆಯ್ತಲ್ವಾ?"

ಆಗಲ್ಲ ತಮ್ಮಾ. ಫೋರ್ ವೀಲ್ ಆಗಲಿ, ಆಲ್ ವೀಲ್ ಆಗಲಿ, ಗಾಡಿ ಹೊರಡುವುದಕ್ಕೆ, ಏರು ಹತ್ತುವುದಕ್ಕೆ. ನಿಲ್ಲುವುದಕ್ಕಲ್ಲ. ಬ್ರೇಕು ಸಣ್ಣ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಎಸ್‌ಯುವಿಗೆ ತೂಕ ಬೇರೆ ಜಾಸ್ತಿ. ಸಲೀಸಾಗಿ ಹೊರಟಿತು ಅಂತ ಧೈರ್ಯ ಬರುತ್ತದೆ, ಆ ಧೈರ್ಯ ಮುಂದಿನ ತಿರುವಿನವರೆಗೆ. ನನಗೆ ಗಾಡಿ ಮಾರಿದವನು ಸನ್‌ರೂಫ್ ಬಗ್ಗೆ ಅಷ್ಟುದ್ದ ಮಾತಾಡಿದ, ಟೈರಿನ ಸುದ್ದಿ ಎತ್ತಲೇ ಇಲ್ಲ. ಮೈನಸ್ 20ರಲ್ಲಿ ಸನ್‌ರೂಫ್ ಯಾರಿಗೆ ಬೇಕು ಸ್ವಾಮಿ?

ಹಿಮದಲ್ಲಿ ಕೆಲಸ ಮಾಡುವುದು ರಬ್ಬರ್. ಚಳಿ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟೈರ್ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಇರುತ್ತದೆ. ಅಂಗಡಿಯಲ್ಲಿ ಅದರ ಮೇಲೆ ಹೆಬ್ಬೆರಳು ಒತ್ತಿ ಎಳೆದು ನೋಡಿ. ಒಂದೊಂದು ರಬ್ಬರ್ ಕಟ್ಟೆಯ ಮೇಲೂ ಬ್ಲೇಡಿನಲ್ಲಿ ಸೀಳಿದ ಹಾಗೆ ಸಣ್ಣ ಗೆರೆಗಳಿರುತ್ತವೆ, ಬೆರಳಿನ ಒತ್ತಡಕ್ಕೆ ಬಾಯಿ ಬಿಡುತ್ತವೆ. ರಸ್ತೆಯಲ್ಲೂ ಹಾಗೆಯೇ ಬಾಯಿ ಬಿಟ್ಟು ಆ ಅಂಚುಗಳು ಕಚ್ಚಿಕೊಳ್ಳುತ್ತವೆ. ನಮ್ಮ ಜೀಪಿನ ದಪ್ಪ ಗಡ್ಡೆಯ ಮಡ್ ಟೈರಿನಲ್ಲಿ ಈ ಸೀಳುಗಳು ಇರುವುದು ಕಮ್ಮಿ. ಕೆಸರನ್ನು ಬಗೆದು ಕೆಳಗಿನ ಗಟ್ಟಿ ನೆಲ ಹಿಡಿಯುವುದು ಅದರ ಕೆಲಸ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಬಗೆಯುವುದಕ್ಕೆ ಏನಿದೆ? ಅಲ್ಲಿ ಜಾರುಬಂಡಿಯೇ. ನೋಡಲು ಗತ್ತು ಅಂತ ಅದನ್ನು ಹಾಕಿಸಿಕೊಳ್ಳಬೇಡಿ. ನಮ್ಮವರು ಇಲ್ಲೇ ಬೀಳುವುದು.

ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಹುಡುಕಿ. ಅದು ಹಿಮದಲ್ಲಿ ಪರೀಕ್ಷೆ ಪಾಸಾದ ಟೈರ್. ಬರೀ 'ಎಂ ಪ್ಲಸ್ ಎಸ್' (ಮಡ್, ಸ್ನೋ) ಅಂತಿದ್ದರೆ ಅಂಥ ಪರೀಕ್ಷೆ ಆಗಿದೆ ಅಂತ ಅರ್ಥವಲ್ಲ. 'ಆಲ್ ಸೀಸನ್' ಬೇರೆ, 'ಆಲ್ ವೆದರ್' ಬೇರೆ. ಎರಡನೆಯದಕ್ಕೆ ಬೆಟ್ಟದ ಗುರುತು ಇರುತ್ತದೆ, ವರ್ಷವಿಡೀ ಬಿಚ್ಚದೆ ಓಡಿಸಬಹುದು. ವ್ಯಾಂಕೂವರ್‌ನಂಥ ಮೆತ್ತಗಿನ ಚಳಿಗೆ ಅಷ್ಟು ಸಾಕು. ವಿನ್ನಿಪೆಗ್, ಕ್ಯಾಲ್ಗರಿಗೆ ಅಪ್ಪಟ ಚಳಿಗಾಲದ ಟೈರೇ ಬೇಕು. ನಾಲ್ಕೂ ಹಾಕಿಸಿ. ಎರಡೇ ಹಾಕಿಸಿ ದುಡ್ಡು ಉಳಿಸಿದರೆ ತಿರುವಿನಲ್ಲಿ ಒಂದು ತುದಿ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ. ಸ್ವಲ್ಪ ಸಣ್ಣ ರಿಮ್ಮು ಕೂರುವುದಾದರೆ ಬೇರೆ ರಿಮ್ಮಿಗೇ ಹಾಕಿಸಿಬಿಡಿ, ಟೈರೂ ಅಗ್ಗ, ಬದಲಿಸುವುದೂ ಸುಲಭ.

ಕಾಗದಪತ್ರ: ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಒಂಟಾರಿಯೋದಲ್ಲಿ ಕಡ್ಡಾಯವಿಲ್ಲ, ಹಾಕಿಸಿದರೆ ಇನ್ಶೂರೆನ್ಸಿನಲ್ಲಿ ರಿಯಾಯಿತಿ ಇದೆ, ಕೇಳಿ ಪಡೆಯಿರಿ. ಮಂಜುಗಡ್ಡೆ ಕಚ್ಚಲು ಲೋಹದ ಮೊಳೆ ಕೂರಿಸಿದ ಟೈರಿಗೆ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ನಿಯಮ.

ಚೈನ್ ಅಂದರೆ ನಮ್ಮವರಿಗೆ ಖುಷಿ, ಮಳೆಗಾಲದಲ್ಲಿ ಜೀಪಿನ ಚಕ್ರಕ್ಕೆ ಬಿಗಿದ ಕೈಗಳಲ್ವಾ. ಅಲ್ಲಿ ಊರೊಳಗೆ ಅದರ ಕೆಲಸವಿಲ್ಲ. ಬರೀ ಡಾಂಬರಿನ ಮೇಲೆ ಓಡಿಸಿದರೆ ರಸ್ತೆಯೂ ಹಾಳು, ಟೈರೂ ಹಾಳು. ಬೆಟ್ಟದ ದಾರಿಗೆ ಹೋಗುವವರು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಗಡಿ ದಾಟಿ ಕ್ಯಾಲಿಫೋರ್ನಿಯಾ ಬೆಟ್ಟಗಳ ಕಡೆ ಹೋದರೆ, ಹಿಮ ಜೋರಾದಾಗ ಫೋರ್ ವೀಲ್ ಗಾಡಿಯಲ್ಲೂ ಚೈನ್ ಇರಲೇಬೇಕು ಅನ್ನುತ್ತಾರೆ. ಯಾವ ಚಕ್ರಕ್ಕೆ ಕಟ್ಟಬೇಕು, ಸಂದಿ ಸಾಕಾ ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಕಟ್ಟಿದ ಮೇಲೆ 50 ಕಿಲೋಮೀಟರ್ ವೇಗ ದಾಟಬೇಡಿ. ಮೊದಲ ಸಲ ಕಟ್ಟುವುದನ್ನು ಮನೆಯಂಗಳದಲ್ಲೇ ಕಲಿಯಿರಿ. ಹಿಮದಲ್ಲಿ ಬೆರಳಿಗೆ ಕೊಂಡಿಯೂ ಗೊತ್ತಾಗುವುದಿಲ್ಲ.

ದಿನ ನೆನಪಿಡಲು ನನ್ನ ಲೆಕ್ಕ ಇದು. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವ ಆಯಿತು ಅಂದರೆ ಟೈರ್ ಅಂಗಡಿಗೆ ಫೋನ್ ಮಾಡಿ. ಮೊದಲ ಹಿಮ ಬಿದ್ದ ಮೇಲೆ ಮಾಡಿದರೆ ವಾರಗಟ್ಟಲೆ ಕಾಯಬೇಕು. ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ (ಕ್ವಿಬೆಕ್‌ನವರಿಗೆ ಡಿಸೆಂಬರ್ 1ಕ್ಕೇ) ಟೈರ್ ಗಾಡಿಯಲ್ಲಿರಬೇಕು, ಯಾಕೆಂದರೆ ಪುತ್ತರಿಗೆ ಯಾರಾದರೊಬ್ಬರ ಮನೆಗೆ ಹೋಗಲೇಬೇಕು, ರಾತ್ರಿ ವಾಪಸ್ ಬರಲೇಬೇಕು, ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುತ್ತಾರೆ. ಅಲ್ಲಿ ಗದ್ದೆ ಇಲ್ಲ, ಕದಿರು ಇಲ್ಲ, ಕೋವಿ ಹಾರಿಸುವ ಹಾಗಿಲ್ಲ. ತಂಬಿಟ್ಟು ಇರುತ್ತದೆ. 'ಪೊಲಿ ಪೊಲಿ ದೇವಾ' ಅಂತ ಪಕ್ಕದ ಮನೆಯವರಿಗೆ ಕೇಳದಷ್ಟು ಮೆತ್ತಗೆ ಕೂಗುತ್ತೇವೆ. ಮಕ್ಕಳು ನಮ್ಮ ಮುಖ ನೋಡಿಕೊಂಡು ಬಾಯಾಡಿಸುತ್ತಾರೆ. ಈ ಸಲ ಊರಿನ ಮಳೆ ನೋಡಿ ಮಗಳು "ಇಲ್ಲಿ ಮಳೆಗೆ ಬೇರೆ ಟೈರ್ ಹಾಕಲ್ವಾ ಅಜ್ಜ?" ಅಂದಳು. ಅಜ್ಜ ಬಿದ್ದು ಬಿದ್ದು ನಕ್ಕರು. ನನಗೆ ನಗು ಅರ್ಧಕ್ಕೇ ನಿಂತಿತು. ಅವಳ ಊರಿನ ಲೆಕ್ಕದಲ್ಲಿ ಪ್ರಶ್ನೆ ಸರಿಯಾಗಿಯೇ ಇತ್ತು, ಅವಳ ಊರು ಯಾವುದು ಅನ್ನುವುದಷ್ಟೇ ನಮಗಿನ್ನೂ ಒಪ್ಪಿಗೆಯಾಗಿಲ್ಲ.

ಇನ್ನು ಉಳಿದದ್ದು: ಚಳಿಗೆ ಗಾಳಿ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿಸಿ. ಟೈರ್ ಬದಲಿಸಿ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿಸಿ. ಏಪ್ರಿಲ್‌ನಲ್ಲಿ ವಿಷು ಕಳೆದು ಚಳಿ ಬಿಟ್ಟ ಕೂಡಲೇ ಬಿಚ್ಚಿಸಿಬಿಡಿ, ಮೆತ್ತಗಿನ ರಬ್ಬರ್ ಬಿಸಿಲಿಗೆ ಬೇಗ ಸವೆಯುತ್ತದೆ.