ದಾಳದೊಳಗಿನ ಗುಳ್ಳೆ ನೋಡಿ ಡ್ರೈಯರ್ ಆರಿಸಿದ ಕಥೆ

ಫ್ಯಾಂಟಸಿ ಆಟಗಳಿಗೆ ಬೇಕಾಗುವ ದಾಳ, ಪುಟ್ಟ ಗೊಂಬೆ, ಅವನ್ನು ನಿಲ್ಲಿಸುವ ಸ್ಟ್ಯಾಂಡ್, ಇವನ್ನೆಲ್ಲ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ, ಮಾಡುವುದು ನಮ್ಮ ಕೆಲಸ. ಮಷೀನ್ ಕಡೆ ನೋಡಿಕೊಳ್ಳುವವನು ನಾನು. ನಮ್ಮ ಮಾಲು ಕೊಳ್ಳುವವರು ಬರೀ ಗ್ರಾಹಕರಲ್ಲ, ಅಭಿಮಾನಿಗಳು. ಪ್ಲಾಸ್ಟಿಕ್ ಡಬ್ಬಿ ಕೊಂಡವರು ಅದನ್ನು ಬೆಳಕಿಗೆ ಹಿಡಿದು ನೋಡುವುದಿಲ್ಲ. ಇವರು ನೋಡುತ್ತಾರೆ. ಮೊಬೈಲ್ ಟಾರ್ಚ್ ಮೇಲೆ ದಾಳ ಇಟ್ಟು, ಹತ್ತಿರದಿಂದ ಫೋಟೊ ತೆಗೆದು, ಗುಳ್ಳೆ ಇರುವ ಕಡೆ ಕೆಂಪು ಬಾಣ ಹಾಕಿ ಕಳಿಸುತ್ತಾರೆ. ಕರಗಿಸುವ ಮೊದಲು ಪ್ಲಾಸ್ಟಿಕ್ ಕಾಳನ್ನು ಒಣಗಿಸುವ ಹೊಸ ಡ್ರೈಯರ್ ನಾವು ತಗೊಳ್ಳುವಾಗ ಯಾವ ಕ್ಯಾಟಲಾಗ್‌ಗಿಂತಲೂ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇಂಥ ಫೋಟೊಗಳೇ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದಾಗಿನಿಂದ 20 ಮುಖದ ದಾಳ ಈ ಬಗೆಯ ಆಟಗಳ ಗುರುತೇ ಆಗಿಬಿಟ್ಟಿದೆ. ರಾಕ್ಷಸನ ಮೇಲೆ ಬೀಸಿದ ಕತ್ತಿ ತಾಗಿತೋ ಇಲ್ಲವೋ ಅನ್ನುವುದು ಆ ಒಂದು ಎಸೆತದ ಮೇಲೆ ನಿಂತಿರುತ್ತದೆ. ಹಾಗಾಗಿ ದಾಳದ ಬಗ್ಗೆ ಜನರಿಗೆ ಭಾವನೆ ಜಾಸ್ತಿ. ಮೇಲಿಂದ ಮೇಲೆ 1 ಬಿದ್ದರೆ ಆ ದಾಳವನ್ನು ಪುಟ್ಟ ಪಂಜರದಲ್ಲಿ ಕೂಡಿಹಾಕುವವರಿದ್ದಾರೆ. ಅದಕ್ಕೆ 'ದಾಳದ ಜೈಲು' ಅಂತಲೇ ಹೆಸರು. ಒಳಗೆ ಗುಳ್ಳೆ ಕಂಡರೆ ಒಬ್ಬರು 'ಇದರಲ್ಲಿ ಯಾವುದೋ ಆತ್ಮ ಸಿಕ್ಕಿಹಾಕಿಕೊಂಡಿದೆ, ನನಗೆ ಇದೇ ಇರಲಿ' ಅನ್ನುತ್ತಾರೆ. ಇನ್ನೊಬ್ಬರು 'ದಾಳ ಒಂದು ಕಡೆ ವಾಲುತ್ತದೆ, ದುಡ್ಡು ವಾಪಸ್ ಕೊಡಿ' ಅನ್ನುತ್ತಾರೆ. ಎರಡನೆಯವರು ಹೇಳಿದ್ದನ್ನೇ ನಾನು ಗಂಭೀರವಾಗಿ ತಗೊಳ್ಳುವುದು.

ವಾಲುವುದನ್ನು ಪರೀಕ್ಷಿಸಲು ಅವರದೇ ಒಂದು ವಿಧಾನ ಇದೆ. ಲೋಟದ ನೀರಿಗೆ ಇನ್ನು ಕರಗುವುದೇ ಇಲ್ಲ ಅನ್ನುವವರೆಗೆ ಉಪ್ಪು ಹಾಕಿ, ದಾಳ ತೇಲಿಬಿಟ್ಟು, ಬೆರಳಿಂದ ತಿರುಗಿಸುತ್ತಾರೆ. ಪ್ರತಿ ಸಲ ಅದೇ ಅಂಕಿ ಮೇಲೆ ಬಂದರೆ ಆ ಕಡೆ ಹಗುರ ಅಂತ ಅರ್ಥ. ಗುಳ್ಳೆ ಯಾವ ಮುಖದ ಹತ್ತಿರ ಇದೆಯೋ ಆ ಮುಖ ಮೇಲೇಳುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಂದು ಸೂಕ್ಷ್ಮ ಇದೆ. ನಾವು ದಾಳ ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್‌ನ ಸಾಂದ್ರತೆ, ಬರೀ ನೀರಿನದು 1 ಅಂದರೆ, ಸುಮಾರು 1.19. ಪೂರ್ತಿ ಉಪ್ಪು ತುಂಬಿದ ನೀರಿನದು ಸುಮಾರು 1.20. ಕೂದಲೆಳೆಯ ಅಂತರದಲ್ಲಿ ತೇಲುತ್ತದೆ ಅಷ್ಟೆ, ಉಪ್ಪು ಸ್ವಲ್ಪ ಕಡಿಮೆಯಾದರೂ ಮುಳುಗುತ್ತದೆ. 'ನಿಮ್ಮ ದಾಳ ತೇಲುವುದೇ ಇಲ್ಲ, ಒಳಗೆ ಏನೋ ತೂಕ ಇಟ್ಟಿದ್ದೀರಿ' ಅಂತ ಬಂದ ದೂರಿಗೆ ನಾನು ಈ ಎರಡು ಅಂಕಿಗಳನ್ನೇ ಉತ್ತರವಾಗಿ ಬರೆದೆ.

ಇನ್ನು ಗುಳ್ಳೆಯ ವಿಷಯ. ಗುಳ್ಳೆ ಕಂಡ ಕೂಡಲೇ ಡ್ರೈಯರ್ ಕೊಳ್ಳಲು ಓಡಬಾರದು. ಗುಳ್ಳೆಯಲ್ಲಿ ಎರಡು ಜಾತಿ. ದಪ್ಪ ತುಂಡು ತಣ್ಣಗಾಗುವಾಗ ಹೊರಗಿನ ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗುತ್ತದೆ. ಆಗ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಇದು ಸಾಮಾನ್ಯವಾಗಿ ಒಂದೇ ಇರುತ್ತದೆ, ಅತಿ ದಪ್ಪ ಇರುವ ಕಡೆಯೇ ಇರುತ್ತದೆ. ಇದಕ್ಕೂ ತೇವಕ್ಕೂ ಸಂಬಂಧವಿಲ್ಲ. ಅಚ್ಚು ತುಂಬಿದ ಮೇಲೂ ಒತ್ತಿ ಹಿಡಿಯುವ ಹೋಲ್ಡಿಂಗ್ ಪ್ರೆಶರ್, ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಕಿಂಡಿಯ (ಗೇಟ್) ಅಳತೆ, ಅಚ್ಚಿನ ಬಿಸಿ, ಇವನ್ನು ಸರಿಮಾಡಬೇಕು. ಎರಡನೆಯದು, ಕಾಳಿನಲ್ಲಿ ಉಳಿದ ತೇವ ಬಿಸಿಗೆ ಆವಿಯಾಗಿ ಮಾಡುವ ನೀರಾವಿಯ ಗುಳ್ಳೆ. ಸಣ್ಣ ಸಣ್ಣವು, ಅಲ್ಲಲ್ಲಿ ಚೆದುರಿರುತ್ತವೆ. ಜೊತೆಗೆ ಮೈಮೇಲೆ ಬೆಳ್ಳಿ ಬಣ್ಣದ ಗೀರುಗಳೂ ಇರುತ್ತವೆ.

ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ತುಂಡನ್ನು ಮೆತ್ತಗಾಗುವವರೆಗೆ ನಿಧಾನವಾಗಿ ಬಿಸಿ ಮಾಡಿ. ಖಾಲಿ ಜಾಗವಾಗಿದ್ದರೆ ಕುಸಿದು ಮುಚ್ಚಿಕೊಳ್ಳುತ್ತದೆ. ಒಳಗೆ ಅನಿಲ ಇದ್ದರೆ ಉಬ್ಬುತ್ತದೆ. ಮಷೀನ್ ಹತ್ತಿರ ನಿಂತರೂ ಗೊತ್ತಾಗುತ್ತದೆ. ಮಷೀನ್‌ನ ಮೂತಿಯನ್ನು (ನಾಝಲ್) ಅಚ್ಚಿನಿಂದ ಹಿಂದೆ ಸರಿಸಿ ಕರಗಿದ ಪ್ಲಾಸ್ಟಿಕ್ಕನ್ನು ಸುಮ್ನೆ ಹೊರಗೆ ಬಿಟ್ಟರೆ, ತೇವ ಇದ್ದಾಗ ಅದು ಚಟಪಟ ಸದ್ದು ಮಾಡುತ್ತಾ ನೊರೆನೊರೆಯಾಗಿ ಬರುತ್ತದೆ. ಒಣಗಿದ್ದರೆ ಗಾಜಿನ ಎಳೆಯ ಹಾಗೆ ಸದ್ದಿಲ್ಲದೆ ಇಳಿಯುತ್ತದೆ. ಅಭಿಮಾನಿಗಳು ಕಳಿಸಿದ ಫೋಟೊಗಳನ್ನೂ ವಾಪಸ್ ಬಂದ ದಾಳಗಳನ್ನೂ ನಾನು ಹೀಗೆ ಎರಡು ಗುಂಪು ಮಾಡಿದೆ. ತೇವದ ಗುಂಪಿನ ದಾಳಗಳ ಬ್ಯಾಚ್ ನಂಬರ್ ನೋಡಿದರೆ ಹೆಚ್ಚಿನವು ಮಳೆಗಾಲದಲ್ಲಿ ಮಾಡಿದವು. ಡ್ರೈಯರ್‌ನ ಕೆಲಸ ಏನು ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ನಮ್ಮ ಹತ್ತಿರ ಮೊದಲಿಂದ ಇದ್ದದ್ದು ಬಿಸಿಗಾಳಿಯ ಹಾಪರ್ ಡ್ರೈಯರ್. ಹಾಪರ್ ಅಂದರೆ ಕಾಳು ತುಂಬುವ ಡ್ರಮ್. ಕೋಣೆಯ ಗಾಳಿಯನ್ನು ಎಳೆದು, ಹೀಟರ್ ಮೇಲೆ ಹಾಯಿಸಿ, ಪ್ಲಾಸ್ಟಿಕ್ ಕಾಳಿನ ನಡುವೆ ನುಗ್ಗಿಸುತ್ತದೆ. ಇದು ಕೆಟ್ಟ ಯಂತ್ರ ಅಂತ ನಾನು ಹೇಳಲ್ಲ. ಗೊಂಬೆಗಳಿಗೆ ಬಳಸುವ ಪಾಲಿಸ್ಟೈರೀನ್ ನೀರನ್ನು ಹೆಚ್ಚೂಕಡಿಮೆ ಹೀರುವುದೇ ಇಲ್ಲ. ಕಾಳಿನ ಮೈಮೇಲೆ ಕೂತ ತೇವ ಹೋದರೆ ಸಾಕು. ಅದಕ್ಕೆ ಇವತ್ತಿಗೂ ಅದೇ ಡ್ರೈಯರ್ ಹಾಕುತ್ತೇವೆ. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ಗೆ 80ರಿಂದ 85 ಡಿಗ್ರಿಯಲ್ಲಿ 2ರಿಂದ 4 ಗಂಟೆ ಬೇಕು, ತೇವ ಶೇಕಡಾ 0.1ಕ್ಕಿಂತ ಕೆಳಗೆ ಬರಬೇಕು. ಒಣ ಹವೆಯಲ್ಲಿ ಬಿಸಿಗಾಳಿಯಿಂದ ಅದೂ ಆಗುತ್ತದೆ. ಸಮಸ್ಯೆ ಇದ್ದದ್ದು ದಾಳದ ಅಕ್ರಿಲಿಕ್‌ನಲ್ಲಿ ಮತ್ತು ಸ್ಟ್ಯಾಂಡಿನ ಪಾಲಿಕಾರ್ಬನೇಟ್‌ನಲ್ಲಿ.

ಗಾಳಿಯನ್ನು ಎಷ್ಟೇ ಕಾಯಿಸಿದರೂ ಅದರೊಳಗಿನ ನೀರು ಅಷ್ಟೇ ಇರುತ್ತದೆ. ಮಳೆಗಾಲದಲ್ಲಿ 30 ಡಿಗ್ರಿ, ಶೇಕಡಾ 80 ಆರ್ದ್ರತೆ ಇದ್ದಾಗ ಒಂದು ಕೆ.ಜಿ. ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿಯ ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಕಟ್ಟಲು ಶುರುವಾಗುವ ಬಿಸಿ, ಸುಮಾರು 26 ಡಿಗ್ರಿ. ಹೀಟರ್ ದಾಟಿ 80 ಡಿಗ್ರಿಗೆ ಏರಿದ ಮೇಲೂ ಡ್ಯೂ ಪಾಯಿಂಟ್ 26ರಲ್ಲೇ ನಿಂತಿರುತ್ತದೆ. ಡೆಸಿಕೆಂಟ್ ಡ್ರೈಯರ್ ಮಾಡುವ ಕೆಲಸ ಬೇರೆ. ಅದರಲ್ಲಿ ಮಾಲಿಕ್ಯುಲರ್ ಸೀವ್ ಅನ್ನುವ ಹರಳುಗಳು ಗಾಳಿಯ ನೀರನ್ನು ಮೊದಲೇ ಹೀರಿಕೊಂಡು ಡ್ಯೂ ಪಾಯಿಂಟನ್ನು ಮೈನಸ್ 40 ಡಿಗ್ರಿಗೆ ಇಳಿಸುತ್ತವೆ. ಆಗ ಒಂದು ಕೆ.ಜಿ. ಗಾಳಿಯಲ್ಲಿ ಉಳಿಯುವ ನೀರು 0.1 ಗ್ರಾಂಗಿಂತಲೂ ಕಡಿಮೆ. ಕಾಳಿನ ಒಳಗಿರುವ ನೀರು ಹೊರಗೆ ಬರಬೇಕಾದರೆ ಸುತ್ತಲಿನ ಗಾಳಿ ಇಷ್ಟು ಒಣಗಿರಬೇಕು. ಅದಕ್ಕೇ ಡ್ರೈಯರ್ ಮಾರುವವರು ಬರೀ 'ಇಷ್ಟು ಡಿಗ್ರಿವರೆಗೆ ಕಾಯುತ್ತದೆ' ಅಂತ ಶುರುಮಾಡಿದರೆ ನನಗೆ ಅಲ್ಲೇ ಆಸಕ್ತಿ ಹೋಗುತ್ತದೆ.

ಪಾಲಿಕಾರ್ಬನೇಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹಾರುವ ಡ್ರ್ಯಾಗನ್ ಗೊಂಬೆಯನ್ನು ಗಾಳಿಯಲ್ಲಿ ನಿಂತ ಹಾಗೆ ತೋರಿಸುವ ಪಾರದರ್ಶಕ ಕಡ್ಡಿ ಇರುತ್ತದಲ್ಲ, ಅದನ್ನು ನಾವು ಇದರಲ್ಲೇ ಮಾಡುವುದು. ಇದನ್ನು 120 ಡಿಗ್ರಿಯಲ್ಲಿ 3ರಿಂದ 4 ಗಂಟೆ ಒಣಗಿಸಿ ತೇವವನ್ನು ಶೇಕಡಾ 0.02ಕ್ಕಿಂತ ಕೆಳಗೆ ತರಬೇಕು. ಅಕ್ರಿಲಿಕ್‌ನಲ್ಲಿ ತೇವ ಉಳಿದರೆ ನೋಟ ಕೆಡುತ್ತದೆ. ಪಾಲಿಕಾರ್ಬನೇಟ್‌ನಲ್ಲಿ ಉಳಿದರೆ, ಕರಗಿದ ಬಿಸಿಗೆ ಆ ನೀರು ಪ್ಲಾಸ್ಟಿಕ್‌ನ ಉದ್ದ ಸರಪಳಿಗಳನ್ನೇ ಕತ್ತರಿಸಿಬಿಡುತ್ತದೆ. ಕಣ್ಣಿಗೆ ಕಡ್ಡಿ ಚೆನ್ನಾಗಿಯೇ ಕಾಣಬಹುದು, ಶಕ್ತಿ ಮಾತ್ರ ಹೋಗಿರುತ್ತದೆ. 'ಯುದ್ಧದ ನಡುವೆ ಡ್ರ್ಯಾಗನ್ ತಾನಾಗಿ ಕೆಳಗೆ ಬಿತ್ತು, ಇದು ಯಾವ ಮಂತ್ರ?' ಅಂತ ಒಬ್ಬರು ಮುರಿದ ಕಡ್ಡಿಯ ಫೋಟೊ ಕಳಿಸಿದ್ದರು. ನಗು ಬಂತು, ನಿಜ. ಆದರೆ ನಮಗೆ ಬಂದ ದೂರುಗಳಲ್ಲಿ ಇದೇ ದೊಡ್ಡದು ಅಂತ ನನ್ನ ಲೆಕ್ಕ. ಗುಳ್ಳೆಯನ್ನು ಪ್ಯಾಕ್ ಮಾಡುವಾಗ ಹಿಡಿಯಬಹುದು, ಇದನ್ನು ಹಿಡಿಯಲು ಆಗಲ್ಲ. ಹಾಗಾಗಿ ಡ್ರೈಯರ್ 120 ಡಿಗ್ರಿಗೂ ಸಲೀಸಾಗಿ ಏರಬೇಕು ಅನ್ನುವುದು ಷರತ್ತಿನ ಪಟ್ಟಿಗೆ ಸೇರಿತು.

ಮುಂದೆ ಅಳತೆ. ಇದು ಸುಲಭದ ಗುಣಾಕಾರ. ಗಂಟೆಗೆ 15 ಕೆ.ಜಿ. ಕಾಳು ಬೇಕು, 4 ಗಂಟೆ ಒಣಗಬೇಕು ಅಂದರೆ ಹಾಪರ್‌ನಲ್ಲಿ ಯಾವಾಗಲೂ 60 ಕೆ.ಜಿ. ಇರಬೇಕು. ಸುರಿದ ಕಾಳು ಲೀಟರಿಗೆ ಸುಮಾರು 0.65 ಕೆ.ಜಿ. ತೂಗುತ್ತದೆ. ಹಾಗಾದರೆ 92 ಲೀಟರ್, ಸುಲಭಕ್ಕೆ 100 ಲೀಟರ್ ಅಂದುಕೊಳ್ಳಿ. 'ನಾಳೆ ಆರ್ಡರ್ ಜಾಸ್ತಿ ಆದರೆ ಬೇಕಾಗುತ್ತೆ' ಅಂತ 200 ಲೀಟರಿನದನ್ನು ತಲೆಗೆ ಕಟ್ಟಲು ನೋಡಿದವರಿದ್ದರು. ಹಾಪರ್ ಅಗತ್ಯಕ್ಕಿಂತ ದೊಡ್ಡದಾದರೆ ಕಾಳು ದುಪ್ಪಟ್ಟು ಹೊತ್ತು ಬಿಸಿಯಲ್ಲಿ ಕೂರುತ್ತದೆ. ನೈಲಾನ್ ಅಂಥದ್ದಾದರೆ ಹಳದಿಗೆ ತಿರುಗುತ್ತದೆ. ಮೇಲಾಗಿ ಮಾಲು ಬದಲಿಸಿದಾಗಲೆಲ್ಲ ಖಾಲಿ ಮಾಡಬೇಕಾದ ರಾಶಿಯೂ ದೊಡ್ಡದು.

ಆ ಕೊನೆಯ ಮಾತೇ ನಮಗೆ ಮುಖ್ಯವಾಗಿದ್ದು. ದಾಳದ ಅಭಿಮಾನಿಗಳಿಗೆ ಬಣ್ಣದ ಹುಚ್ಚು. ವಿಷದ ಹಸಿರು, ಬೆಂಕಿಯ ಕಿತ್ತಳೆ, ಮಂಜಿನ ನೀಲಿ, ಹೀಗೆ ಸಣ್ಣ ಸಣ್ಣ ಲಾಟ್‌ಗಳು. ಪಾರದರ್ಶಕ ನೀಲಿಯಲ್ಲಿ ಕಿತ್ತಳೆಯ ಒಂದೇ ಒಂದು ಕಾಳು ಬಿದ್ದರೂ ಎದ್ದು ಕಾಣುತ್ತದೆ. ಅದಕ್ಕೆ ಹಾಪರ್‌ನಲ್ಲಿ ಬಣ್ಣವಿಲ್ಲದ ಅಕ್ರಿಲಿಕ್ ಮಾತ್ರ ಒಣಗಿಸುವುದು, ಬಣ್ಣದ ಮಾಸ್ಟರ್‌ಬ್ಯಾಚನ್ನು, ಅಂದರೆ ದಟ್ಟ ಬಣ್ಣ ತುಂಬಿದ ಕಾಳನ್ನು, ಮಷೀನ್ ಬಾಯಲ್ಲಿ ಅಳತೆ ಮಾಡಿ ಹಾಕುವ ಡೋಸರ್‌ನಿಂದ ಸೇರಿಸುವುದು ಅಂತ ತೀರ್ಮಾನಿಸಿದೆ. ಮಾಸ್ಟರ್‌ಬ್ಯಾಚೂ ತೇವ ಹೀರುತ್ತದೆ, ಅದಕ್ಕೆ ಬೇರೆ ಪುಟ್ಟ ಹಾಪರ್ ಬೇಕು. ಹೀಗಾಗಿ ಒಂದೇ ದೊಡ್ಡ ಡ್ರೈಯರ್ ಬದಲು, ಒಂದು ಡೆಸಿಕೆಂಟ್ ಯೂನಿಟ್‌ನಿಂದ ಮೂರು ಹಾಪರ್‌ಗಳಿಗೆ ಒಣಗಾಳಿ ಹೋಗುವ, ಪ್ರತಿ ಹಾಪರ್‌ಗೂ ಅದರದೇ ಹೀಟರ್ ಇರುವ ವ್ಯವಸ್ಥೆ ಆರಿಸಿದೆ. ಮಾಸ್ಟರ್‌ಬ್ಯಾಚ್‌ಗೆ ಕಂಪ್ರೆಸ್ಡ್ ಏರ್ ಡ್ರೈಯರ್ ಕೂಡ ಯೋಚಿಸಿದ್ದೆ. ಒತ್ತಿದ ಗಾಳಿ ಬಿಚ್ಚಿಕೊಂಡಾಗ ಡ್ಯೂ ಪಾಯಿಂಟ್ ಮೈನಸ್ 20ರ ಆಸುಪಾಸಿಗೆ ತಾನೇ ಇಳಿಯುತ್ತದೆ. ಸಣ್ಣ ಲಾಟ್‌ಗೆ ಒಳ್ಳೆಯದೇ. ಆದರೆ ಆ ಗಾಳಿ ಒತ್ತಲು ಕರೆಂಟ್ ಜಾಸ್ತಿ ಬೇಕು, ಎಣ್ಣೆಯ ಹನಿ ಬರಬಾರದು. ಅದಕ್ಕೇ ಬಿಟ್ಟೆ.

ಡೆಸಿಕೆಂಟ್‌ನಲ್ಲೂ ಎರಡು ಬಗೆ. ಒಂದರಲ್ಲಿ ಸೀವ್ ಹರಳು ತುಂಬಿದ ಎರಡು ಟವರ್ ಇರುತ್ತವೆ. ಒಂದು ಗಾಳಿ ಒಣಗಿಸುತ್ತಿರುವಾಗ ಇನ್ನೊಂದನ್ನು 200 ಡಿಗ್ರಿಗೂ ಮೇಲೆ ಕಾಯಿಸಿ, ಹೀರಿದ ನೀರನ್ನು ಓಡಿಸಿ, ತಣಿಸುತ್ತಾರೆ. ಸರಿಯಾಗಿ ತಣಿಸದೆ ಟವರ್ ಬದಲಾದರೆ ಡ್ಯೂ ಪಾಯಿಂಟ್ ಸರ್ರನೆ ಮೇಲೇರುತ್ತದೆ. ಇನ್ನೊಂದರಲ್ಲಿ ಜೇನುಗೂಡಿನಂಥ ಚಕ್ರ ನಿಧಾನವಾಗಿ ತಿರುಗುತ್ತಾ ಒಂದು ಕಡೆ ಹೀರುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಏರಿಳಿತ ಕಡಿಮೆ. ನಾನು ಚಕ್ರದ್ದನ್ನೇ ಆರಿಸಿದೆ. ಆದರೆ ಟವರ್‌ನದು ಬೇಡವೇ ಬೇಡ ಅಂತಲ್ಲ. ಒಬ್ಬ ಮಾರಾಟಗಾರರು ಡೆಮೊದಲ್ಲಿ ಮೈನಸ್ 40 ತೋರಿಸಿ ಖುಷಿಪಟ್ಟರು. ಆಗಷ್ಟೇ ಕಾಯಿಸಿ ನೀರು ಓಡಿಸಿದ ಟವರ್ ಅದು. 'ಸರ್, ಟವರ್ ಎರಡು ಮೂರು ಸಲ ಬದಲಾಗುವವರೆಗಿನ ಡ್ಯೂ ಪಾಯಿಂಟ್ ಗ್ರಾಫ್ ಕೊಡಿ' ಅಂತ ಕೇಳಿದೆ. ಗ್ರಾಫ್ ಬರಲೇ ಇಲ್ಲ.

ಇನ್ನೊಂದು ವಿಷಯ ಕೊಟೇಶನ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹಾಪರ್‌ನಿಂದ ವಾಪಸ್ ಬರುವ ಗಾಳಿ ಬಿಸಿಯಾಗಿರುತ್ತದೆ. ಸೀವ್ ಹರಳುಗಳು ಬಿಸಿ ಗಾಳಿಯಿಂದ ನೀರು ಹೀರುವುದರಲ್ಲಿ ಹಿಂದೆ. ವಾಪಸ್ ಗಾಳಿ ಸುಮಾರು 65 ಡಿಗ್ರಿ ದಾಟುವ ಹಾಗಿದ್ದರೆ ನಡುವೆ ಕೂಲರ್ ಬೇಕೇಬೇಕು. 120 ಡಿಗ್ರಿಯಲ್ಲಿ ಪಾಲಿಕಾರ್ಬನೇಟ್ ಒಣಗಿಸುವಾಗ, ಅದರಲ್ಲೂ ಮಷೀನ್ ನಿಧಾನ ಓಡುತ್ತಿರುವಾಗ, ಇದು ಆಗಿಯೇ ಆಗುತ್ತದೆ. ಕೆಲವರು ಕೂಲರನ್ನು 'ಆಪ್ಷನಲ್' ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿ ಮೇಲಿನ ಬೆಲೆ ಕಡಿಮೆ ತೋರಿಸಿದ್ದರು. ಫಿಲ್ಟರ್ ಬಗ್ಗೆಯೂ ಕೇಳಿ. ನಾವು ಅಚ್ಚಿನ ದಾರಿಯಲ್ಲೇ ಗಟ್ಟಿಯಾಗಿ ಉಳಿದ ಸ್ಪ್ರೂ ತುಂಡುಗಳನ್ನು ಪುಡಿಮಾಡಿ ಮತ್ತೆ ಬಳಸುತ್ತೇವೆ, ಅದರ ಧೂಳು ಸೀವ್ ತಲುಪಿದರೆ ಅದರ ಆಯಸ್ಸು ಮುಗಿದ ಹಾಗೆ.

ಕೊನೆಗೆ ಒಪ್ಪಂದ. ನಮ್ಮದೇ ಕಾಳನ್ನು ಬಾಯಿ ತೆರೆದ ಚೀಲದಲ್ಲಿ ಮಳೆಗಾಲದ ಗಾಳಿಗೆ ಬಿಟ್ಟು, ಬೇಕಂತಲೇ ತೇವ ಮಾಡಿ, ಅದರಲ್ಲೇ ಟ್ರಯಲ್ ಮಾಡಿಸಿದೆ. ಒಣಗಿದ್ದನ್ನು ಅಳೆಯಲು ನೀರನ್ನು ಮಾತ್ರ ಅಳೆಯುವ ಕಾರ್ಲ್ ಫಿಶರ್ ರಾಸಾಯನಿಕ ಪರೀಕ್ಷೆಯೇ ಆಗಬೇಕು ಅಂತ ಬರೆಸಿದೆ. ಕಾಯಿಸಿ ತೂಕ ನೋಡುವ ಯಂತ್ರ ಕಾಳಿನಿಂದ ಹೋಗುವ ಬೇರೆ ಆವಿಗಳನ್ನೂ ನೀರೆಂದೇ ಎಣಿಸುತ್ತದೆ. ಶೇಕಡಾ 0.02ರ ಮಟ್ಟದಲ್ಲಿ ಆ ವ್ಯತ್ಯಾಸವೇ ದೊಡ್ಡದು. ಡ್ಯೂ ಪಾಯಿಂಟ್ ಮೀಟರ್ ಹಾಪರ್‌ಗೆ ಗಾಳಿ ನುಗ್ಗುವ ಕಡೆಯೇ ಇರಬೇಕು, ಸೀವ್‌ನ ಬಾಯಲ್ಲಿ ಬೇಡ ಅಂತಲೂ ಸೇರಿಸಿದೆ. ನಡುವಿನ ಹೋಸ್ ಎಲ್ಲಾದರೂ ಸೀಳಿದರೆ ಒದ್ದೆ ಗಾಳಿ ಸೇರುವುದು ಅಲ್ಲೇ ಅಲ್ವಾ? ಕೊನೆಯ ಕಂತಿನ ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುತ್ತೇವೆ ಅಂದೆ. ಮಾರುವವರು ಮುಖ ಗಂಟಿಕ್ಕಿದರು, ಆಮೇಲೆ ಒಪ್ಪಿಕೊಂಡರು.