ರಾತ್ರಿ ಒಂದಕ್ಕೇ ಏಳುವ ಮಗುವನ್ನು ಮಲಗಿಸುವುದು ಹೇಗೆ?

ಸಂಜೆ ಏಳಕ್ಕೆ ಊಟದ ತಟ್ಟೆಯ ಮುಂದೆ ತೂಕಡಿಸಿದ ಮಗು ರಾತ್ರಿ ಒಂದಕ್ಕೆ ಎದ್ದು ಅಡುಗೆಮನೆಯ ಡಬ್ಬಿಗಳನ್ನು ತಡಕಾಡುತ್ತದೆ. ನಾಲ್ಕಕ್ಕೆಲ್ಲ ಪೂರ್ತಿ ಎಚ್ಚರ. ಸ್ಮಿತ್-ಮಜೆನಿಸ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಬರುವ ಅಪರೂಪದ ತೊಂದರೆ ಇರುವ ಮಕ್ಕಳ ಮನೆಯಲ್ಲಿ ಇದು ನಿತ್ಯದ ಪಾಡು. 17ನೇ ಕ್ರೋಮೋಸೋಮ್‌ನ ಒಂದು ಚೂರು ಇಲ್ಲದಿರುವುದು, ಕೆಲವರಲ್ಲಿ ಅಲ್ಲಿನ ಆರ್‌ಎಐ1 ಜೀನ್ ಕೆಟ್ಟಿರುವುದು ಇದಕ್ಕೆ ಕಾರಣ. ಬಹುತೇಕ ಇದು ಹೆತ್ತವರಿಂದ ಬಂದದ್ದಲ್ಲ. ಯಾರ ಕಡೆಯ ದೋಷವೆಂದು ನೆಂಟರು ಹುಡುಕುವುದು ದಂಡ.

ಕತ್ತಲಾದ ಮೇಲೆ ಏರಬೇಕಾದ, ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಬೆಳಿಗ್ಗೆ ಆರರ ಆಸುಪಾಸು ಏರತೊಡಗಿ ನಡುಮಧ್ಯಾಹ್ನ ತುದಿ ಮುಟ್ಟುತ್ತದೆ. ಇದನ್ನು ಹಠವೆಂದು ಗದರಿ ಪ್ರಯೋಜನವಿಲ್ಲ.

ಮೊದಲು ಎರಡು ವಾರ ಬರೆದಿಡಿ: ಮಲಗಿದ್ದು, ಎದ್ದದ್ದು, ಹಗಲು ತೂಕಡಿಸಿದ್ದು, ರಂಪ ಮಾಡಿದ ಹೊತ್ತು. ರಂಪಕ್ಕೂ ತೂಕಡಿಕೆಗೂ ಎಷ್ಟೋ ಸಲ ನಂಟಿರುತ್ತದೆ. ಗೊರಕೆ ಇದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ.

ಇವೆರಡನ್ನೂ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವುದು, ಕಿವಿ ಸೋಂಕು, ಮಲಬದ್ಧತೆ, ಫಿಟ್ಸ್ ಇವೆಯೇ ಎಂದು ಮೊದಲು ನೋಡಬೇಕು. ಕಿವಿ ನೋಯುತ್ತಿರುವ ಮಗುವಿಗೆ ಯಾವ ದಿನಚರಿಯೂ ನಿದ್ದೆ ತರದು.

ಆಮೇಲೆ ಬೆಳಕು. ಬೆಳಗಾದೊಡನೆ ಮಗುವನ್ನು ಬಿಸಿಲಿಗೆ ಕರೆದೊಯ್ಯಿರಿ. ಸಂಜೆಯಾದ ಮೇಲೆ ಟ್ಯೂಬ್‌ಲೈಟ್ ಬೇಡ, ಮಂದ ದೀಪ ಸಾಕು. ಟಿವಿ, ಮೊಬೈಲ್ ಬಂದ್. ಟೈಮರ್ ಇರುವ ಪುಟ್ಟ ದೀಪವೊಂದನ್ನು ಕೋಣೆಯಲ್ಲಿಟ್ಟು, ಅದು ಹೊತ್ತಿಕೊಂಡ ಮೇಲೆಯೇ ಹಾಸಿಗೆ ಬಿಡಬಹುದು ಎಂದು ಅಭ್ಯಾಸ ಮಾಡಿಸಿ. ಹಗಲಿನ ನಿದ್ದೆಯನ್ನು ಪೂರ್ತಿ ತಡೆಯಲು ಹೋಗಬೇಡಿ, ಹೊತ್ತು ಗೊತ್ತುಮಾಡಿ ಚಿಕ್ಕದಾಗಿಸಿ. ಶಾಲೆಯ ಶಿಕ್ಷಕರಿಗೂ ಇದು ತಿಳಿದಿರಲಿ.

ಔಷಧಿ ವೈದ್ಯರ ಸುಪರ್ದಿಯ ವಿಷಯ. ರಾತ್ರಿ ಮೆಲಟೋನಿನ್, ಜೊತೆಗೆ ಹಗಲಿನ ಮೆಲಟೋನಿನ್ ತಗ್ಗಿಸಲು ಬೆಳಿಗ್ಗೆ ಬೀಟಾ ಬ್ಲಾಕರ್ (ಸಾಮಾನ್ಯವಾಗಿ ರಕ್ತದೊತ್ತಡಕ್ಕೆ ಕೊಡುವ ಔಷಧಿ) ಕೊಡುವ ಕ್ರಮವಿದೆ. ಆಸ್ತಮಾ ಇದ್ದರೆ ಮುಚ್ಚಿಡದೆ ಹೇಳಿ, ಬೀಟಾ ಬ್ಲಾಕರ್ ಅಪಾಯ ತರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ತೊಂದರೆಗೆಂದೇ ಟ್ಯಾಸಿಮೆಲ್ಟಿಯಾನ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿದೆ. ನಿದ್ದೆ ಬರಲೆಂದು ಕೆಮ್ಮಿನ ಸಿರಪ್ ಕುಡಿಸುವ ಮನೆಮದ್ದನ್ನು ದಯವಿಟ್ಟು ಬಿಡಿ.

ಇಷ್ಟಾದರೂ ಮಗು ಏಳುತ್ತದೆ. ಆದ್ದರಿಂದ ಮನೆಯನ್ನು ಅದಕ್ಕೆ ಸಜ್ಜು ಮಾಡಿ. ಮಲಗುವ ಮುನ್ನ ಸಿಲಿಂಡರ್‌ನ ರೆಗ್ಯುಲೇಟರ್ ಆರಿಸಿ. ಚಾಕು, ಮಾತ್ರೆ, ಫಿನಾಯಿಲ್ ಬೀಗದೊಳಗಿರಲಿ. ಹಸಿವಿಲ್ಲದಿದ್ದರೂ ತಿನ್ನಲು ಹುಡುಕುವ ಮಕ್ಕಳಿದ್ದಾರೆ, ಫ್ರಿಜ್ಜಿಗೂ ಬೀಗ ಬೇಕಾದೀತು. ಬೀದಿ ಬಾಗಿಲಿಗೆ ಎತ್ತರದಲ್ಲೊಂದು ಚಿಲಕ ಹಾಕಿಸಿ. ಮಗುವಿನ ಕೋಣೆಗೆ ಮಾತ್ರ ಹೊರಗಿನಿಂದ ಚಿಲಕ ಹಾಕಬೇಡಿ, ಬೆಂಕಿ ಬಿದ್ದರೆ ಗತಿಯೇನು? ಬಾಗಿಲಿಗೊಂದು ಗಂಟೆ ಕಟ್ಟಿದರೆ ಸಾಕು.

ಎದ್ದಾಗ ಕಥೆ, ಬಿಸ್ಕತ್ತು, ಬೈಗುಳ ಯಾವುದೂ ಬೇಡ. ಒಂದೇ ಮಾತು ಹೇಳಿ ಮತ್ತೆ ಮಲಗಿಸಿ. ಅಪ್ಪ-ಅಮ್ಮ ರಾತ್ರಿಗಳನ್ನು ಹಂಚಿಕೊಳ್ಳಲಿ. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ ಮಲಗಲಿ.