ಶಿಪ್ಪಿಗೆ ಕಲ್ಲು ತೂರೋದು ಬಿಡಿ: ಸೈಫೈ ಕಥೇಲಿ ಅಪಾಯದ ಜಾಗ ದಾಟ್ಸೋದು ಹೇಗೆ

ಸೈಫೈ ಬರೆಯೋಕೆ ಕೂತ್ರೆ ಶಿಪ್ಪು ಎಲ್ಲೋ ಒಂದ್ಕಡೆ ಡೇಂಜರಸ್ ಜಾಗಕ್ಕೆ ಬಂದೇ ಬರತ್ತೆ, ಬಂದ ತಕ್ಷಣ ನಾವೆಲ್ಲ ಮಾಡೋ ಕೆಲಸ ಒಂದೇ, ನಾಲ್ಕೂ ಕಡೆಯಿಂದ ಕಲ್ಲು ತೂರೋದು. ಪೈಲಟ್ ಎಡಕ್ಕೆ ಬಲಕ್ಕೆ ಹೊರಳಿಸ್ತಾನೆ, ಕೆಂಪು ಲೈಟು ಮಿಣುಕತ್ತೆ, ಯಾರೋ ಒಬ್ರು ಕಿರುಚ್ತಾರೆ. ನನ್ನ ಮೊದಲ ಕಥೇಲೂ ಇದೇ ಇತ್ತು. ಓದಿದ ಫ್ರೆಂಡು "ಮೆಜೆಸ್ಟಿಕ್‌ನಲ್ಲಿ ಬಸ್ಸುಗಳ ಮಧ್ಯೆ ರೋಡ್ ಕ್ರಾಸ್ ಮಾಡ್ದಂಗಿದೆ ಕಣೋ" ಅಂದ, ಬೇಜಾರಾಯ್ತು, ಆದ್ರೆ ನಿಜಾನೇ.

ಅಸಲಿಗೆ ಮಂಗಳ, ಗುರು ಗ್ರಹಗಳ ಮಧ್ಯೆ ಕಲ್ಲುಗಳು ಸುತ್ತೋ ನಮ್ಮ ಆಸ್ಟರಾಯ್ಡ್ ಬೆಲ್ಟ್ ಬಿಕೋ ಅಂತಿರೋ ಜಾಗ. ಅಲ್ಲಿರೋ ಅಷ್ಟೂ ಕಲ್ಲು ಗುಡ್ಡೆ ಹಾಕಿದ್ರೂ ಚಂದ್ರನ ತೂಕದ ಸುಮಾರು 3% ಆಗತ್ತೆ ಅಷ್ಟೆ. ಪಯನೀರ್ 10 ಅನ್ನೋ ನೌಕೆ 1972ರ ಜುಲೈನಲ್ಲಿ ಒಳಗೆ ಹೋಗಿ 1973ರ ಫೆಬ್ರವರಿಲಿ ಆರಾಮಾಗಿ ಆಚೆ ಬಂತು. ಕಲ್ಲಿನ ಸೀನ್ ಬೇಕೇಬೇಕು ಅನ್ನೋರು ಶನಿಯ ಉಂಗುರದ ತರ ಒತ್ತೊತ್ತಾಗಿರೋ ಜಾಗ ಹುಡ್ಕಿ, ಇಲ್ಲಾ ಈಗಷ್ಟೇ ಒಡೆದುಹೋದ ಒಂದು ಉಪಗ್ರಹ ಇಟ್ಕೊಳ್ಳಿ.

ಭಯ ಹುಟ್ಟಬೇಕು ಅಂದ್ರೆ ಕಾಣದೇ ಇರೋದನ್ನ ಇಡಿ. ಧೂಳು ಸಾಕು. ಬೆಳಕಿನ ವೇಗದ 10%ನಲ್ಲಿ ಹೋಗ್ತಿರೋ ಶಿಪ್ಪಿಗೆ ಒಂದೇ ಒಂದು ಗ್ರಾಂ ಧೂಳು ಹೊಡೆದ್ರೂ ಸುಮಾರು 100 ಟನ್ ಟಿಎನ್‌ಟಿ ಸಿಡಿದಂಗೆ, ಲೆಕ್ಕ ಹಾಕಿ ನೋಡಿ ಬೇಕಾದ್ರೆ. ಇದಕ್ಕೆ ಒಳ್ಳೆ ಮಾದರಿ ನಿಜವಾದ ನೌಕೇಲೇ ಇದೆ. 2017ರ ಏಪ್ರಿಲ್ 26ಕ್ಕೆ ಕ್ಯಾಸಿನಿ ಮೊದಲ ಸಲ ಶನಿಗೂ ಅದರ ಉಂಗುರಕ್ಕೂ ಮಧ್ಯೆ ಇರೋ ಸುಮಾರು 2,000 ಕಿ.ಮೀ. ಸಂದೀಲಿ ನುಗ್ಗಿತು, ವೇಗ ಸೆಕೆಂಡಿಗೆ 34 ಕಿ.ಮೀ. ಧೂಳು ಹೊಡೀಬಾರ್ದು ಅಂತ ತನ್ನ 4 ಮೀಟರ್ ಡಿಶ್ ಆಂಟೆನಾನೇ ಕೊಡೆ ತರ ಮುಂದಕ್ಕೆ ಹಿಡ್ಕೊಳ್ತು. ಆದ್ರೆ ಭೂಮಿ ಜೊತೆ ಮಾತಾಡೋದೂ ಅದೇ ಡಿಶ್‌ನಿಂದ ಅಲ್ವಾ, ಹಾಗಾಗಿ ಸುಮಾರು 20 ಗಂಟೆ ಫುಲ್ ಸೈಲೆಂಟು, ಕೊನೆಗೆ ನೋಡಿದ್ರೆ ಆ ಸಂದೀಲಿ ಧೂಳೇ ಇರ್ಲಿಲ್ಲ ಅನ್ನೋ ಅಷ್ಟು ಕಮ್ಮಿ. ಬಚಾವಾಗೋಕೆ ಕಿವಿ ಮುಚ್ಕೋಬೇಕು ಅನ್ನೋ ಈ ಇಕ್ಕಟ್ಟು ನಿಮ್ಮ ಕ್ಯಾಪ್ಟನ್‌ಗೆ ಕೊಡಿ. ಶೀಲ್ಡ್ ಹಾಕಿದ್ರೆ ಸೆನ್ಸರ್ ಹೋಗತ್ತೆ, ಸೆನ್ಸರ್ ಬೇಕು ಅಂದ್ರೆ ಮೈ ಬಯಲು. ಅಷ್ಟಿದ್ರೆ ಸೀನ್ ತಾನೇ ನಡ್ಕೊಂಡು ಹೋಗತ್ತೆ.

ಆಮೇಲೆ ಸುದ್ದಿ ಎಷ್ಟು ಹಳೇದು ಅಂತ ಲೆಕ್ಕ ಇಡಿ, ಬಹಳ ಜನ ಮರೆಯೋದು ಇದನ್ನೇ. ಮಂಗಳಯಾನ 2014ರ ಸೆಪ್ಟೆಂಬರ್ 24ಕ್ಕೆ ಕಕ್ಷೆ ಸೇರುವಾಗ ಸಿಗ್ನಲ್ ಒಂದ್ಕಡೆಯಿಂದ ಇನ್ನೊಂದ್ಕಡೆಗೆ ಹೋಗೋಕೇ 12 ನಿಮಿಷದ ಮೇಲೆ ಬೇಕಿತ್ತು, ಮೇಲಿಂದ ನೌಕೆ ಮಂಗಳದ ಹಿಂದೆ ಬೇರೆ ಮರೆಯಾಯ್ತು. ಏನು ಮಾಡ್ಬೇಕು ಅಂತ ಮೊದಲೇ ಕಳ್ಸಿಟ್ಟು ಬೆಂಗಳೂರಿನ ಕಂಟ್ರೋಲ್ ರೂಮ್‌ನಲ್ಲಿ ಕೂತು ಕಾಯೋದಷ್ಟೇ ಕೆಲಸ. ನಿಮ್ಮ ನ್ಯಾವಿಗೇಟರ್‌ದೂ ಇದೇ ಕಥೆ. ಎರಡು ಬೆಳಕಿನ ಗಂಟೆ ದೂರದ ಬಿರುಗಾಳಿ ಸ್ಕ್ರೀನ್ ಮೇಲೆ ಕಾಣ್ತಿದೆ ಅಂದ್ರೆ ಅದು ಎರಡು ಗಂಟೆ ಹಿಂದಿಂದು, ಈಗ ಎಲ್ಲಿದೆಯೋ ದೇವರಿಗೇ ಗೊತ್ತು.

ದಾರಿ ತಪ್ಪಿಸೋದಕ್ಕೂ ಒಂದು ಉಪಾಯ ಇದೆ. ಪಲ್ಸಾರ್‌ಗಳು (ಗಿರಗಿರ ತಿರುಗೋ ಸತ್ತ ನಕ್ಷತ್ರಗಳು) ಗಡಿಯಾರ ತರ ಮಿಡೀತಾವೆ, ಅವನ್ನ ನೋಡಿ ನಾವೆಲ್ಲಿದ್ದೀವಿ ಅಂತ ಹೇಳ್ಬೋದು. 2017ರಲ್ಲಿ ಸ್ಪೇಸ್ ಸ್ಟೇಷನ್ ಮೇಲೆ ಎಕ್ಸ್‌ರೇ ಪಲ್ಸಾರ್ ಇಟ್ಕೊಂಡು ಮಾಡಿದ ಟೆಸ್ಟಲ್ಲಿ 16 ಕಿ.ಮೀ. ಒಳಗೆ ಜಾಗ ಸಿಕ್ತು. ಈಗ ನಿಮ್ಮ ಶಿಪ್ಪಲ್ಲಿ ಎಕ್ಸ್‌ರೇ ಪಲ್ಸಾರ್ ನೋಡೋ ಯಂತ್ರ ಕೆಟ್ಟಿದೆ, ರೇಡಿಯೋ ಒಂದೇ ಇರೋದು ಅಂದ್ಕೊಳ್ಳಿ. ರೇಡಿಯೋ ಮಿಡಿತ ಪ್ಲಾಸ್ಮಾ (ವಿದ್ಯುತ್ ಕಣ ತುಂಬಿರೋ ಅನಿಲ) ಮೋಡ ದಾಟಿ ಬಂದ್ರೆ ತಡ ಆಗತ್ತೆ, ಫ್ರೀಕ್ವೆನ್ಸಿ ಕಮ್ಮಿ ಆದಷ್ಟೂ ಇನ್ನೂ ತಡ. ಮೋಡ ಎಷ್ಟು ದಪ್ಪ ಅನ್ನೋ ಅಂದಾಜು ತಪ್ಪಿದ್ರೆ ನೀವು ನಿಂತಿರೋ ಜಾಗಾನೇ ತಪ್ಪು, ಯಾರೂ ಕಿರುಚೋದೇ ಬೇಡ.

ಜಾಗಕ್ಕೆ ಒಂದು ನಿಯಮ ಇರ್ಲಿ. ಸ್ಟಾರ್ ಟ್ರೆಕ್‌ನ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಪ್ಲಾಸ್ಮಾ ಬಿರುಗಾಳಿ ಇರೋದ್ರಿಂದಲೇ ಬಂಡಾಯಗಾರರು ಅಲ್ಲಿ ಅಡಗ್ತಾರೆ, ಅಂದ್ರೆ ಅಪಾಯ ಕೆಲವರಿಗೆ ಲಾಭ. ಸ್ಟಾರ್ ವಾರ್ಸ್‌ನಲ್ಲಿ ಪಾರ್ಸೆಕ್ ಅನ್ನೋ ದೂರದ ಅಳತೇನ ಸಮಯದ ತರ ಬಳಸಿದ್ರು ಅಂತ ಜನ ನಕ್ರು. ಆಮೇಲೆ ಅದಕ್ಕೆ ಬಂದ ಸಮಜಾಯಿಷಿ ಏನಪ್ಪಾ ಅಂದ್ರೆ ಅಪಾಯಕ್ಕೆ ಹತ್ರ ಹೋದಷ್ಟೂ ದಾರಿ ಚಿಕ್ಕದಾಗತ್ತೆ ಅಂತ. ತೇಪೆಯಾದ್ರೂ ಐಡಿಯಾ ಚೆನ್ನಾಗಿದೆ.

ನಾನು ಬರೆಯುವಾಗ ಅಳಿವೆ ನೆನಪು ಮಾಡ್ಕೋತೀನಿ. ಹೊಳೆ ಸಮುದ್ರ ಸೇರೋ ಬಾಯಲ್ಲಿ ಮರಳು ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಾಯಿಸತ್ತೆ, ಹೋದ ವರ್ಷದ ದಾರಿ ಈ ವರ್ಷ ಇರಲ್ಲ, ದೋಣಿಯವ್ರು ಅಲೆ ಎಲ್ಲಿ ಒಡೀತಿದೆ ಅಂತ ನೋಡ್ತಾ ನಿಂತಿರ್ತಾರೆ. ನಿಮ್ಮ ಶಿಪ್ಪಲ್ಲೂ ಅಂಥ ಒಬ್ಬ ಮುದುಕಿ ಇರ್ಲಿ, ಮ್ಯಾಪ್ ಮುಚ್ಚಿಟ್ಟು "ಈಗ ಬೇಡ, ಇನ್ನೂ ಸ್ವಲ್ಪ ಹೊತ್ತು ತಡಿ ಮಗಾ" ಅನ್ನೋಳು. ಆಮೇಲೆ ಆ 20 ಗಂಟೆ ಸೈಲೆನ್ಸ್ ಬರೀರಿ, ಕ್ಯಾಮೆರಾ ಆಚೆ ತಗೊಂಡು ಹೋಗ್ಬೇಡಿ, ಒಳಗೇ ಇಡಿ, ಅಡುಗೆ ಮನೇಲಿ ಯಾರು ಟೀ ಕುಡೀತಿದ್ದಾರೆ, ಯಾರಿಗೆ ಕೈ ನಡುಗ್ತಿದೆ ಅಂತ.